ಹಳೇ ಗಿಟಾರ್‌ಗೆ ಮಳೆಗಾಲದಲ್ಲಿ ವೈರಿಂಗ್, ದೀಪಾವಳಿ ಕಳೆದ ಮೇಲೆ ಬಣ್ಣ

ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗ ಹಳೇ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಹೊತ್ತುಕೊಂಡು ಬಂದಿದ್ದ. "ಮಾವ, ವಾಲ್ಯೂಮ್ ತಿರುಗಿಸಿದ್ರೆ ಕರಕರ ಅನ್ನುತ್ತೆ, ಬಣ್ಣನೂ ಎದ್ದಿದೆ. ಹೊಸದೇ ತಗೊಳ್ಳೋಣ್ವಾ?" ಬೇಡ ಅಂದೆ. ಮರ ಬಿರುಕು ಬಿಟ್ಟಿಲ್ಲ, ಕುತ್ತಿಗೆ ನೆಟ್ಟಗಿದೆ ಅಂದರೆ ಉಳಿದದ್ದನ್ನೆಲ್ಲ ಮನೆಯಲ್ಲೇ ಸರಿ ಮಾಡಬಹುದು. ನಮಗೆ ಒಟ್ಟು ಖರ್ಚು ಎರಡೂವರೆ ಸಾವಿರ ರೂಪಾಯಿ ದಾಟಲಿಲ್ಲ.

ಮುಂಬೈಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಕ್ಯಾಲೆಂಡರ್ ನೋಡಬೇಕು. ಒಂದು ಜುಲೈಯಲ್ಲಿ ನಾನು ಕಪ್ಪು ಗಿಟಾರ್ ಒಂದಕ್ಕೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್, ಅಂದರೆ ಥಿನ್ನರ್ ಬೆರೆತ, ಬೇಗ ಆರುವ ಬಣ್ಣ ಹೊಡೆದೆ. ಅರ್ಧ ಗಂಟೆಯಲ್ಲಿ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಪೊರೆ ಬಂತು. ಥಿನ್ನರ್ ಬೇಗ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಕೂತು ಒಳಗೇ ಸಿಕ್ಕಿಕೊಳ್ಳುತ್ತದೆ. ಎಲ್ಲಾ ಉಜ್ಜಿ ತೆಗೆದು ಮೊದಲಿನಿಂದ ಮಾಡಬೇಕಾಯ್ತು. ಹಾಗಾಗಿ ಮಳೆ ಇರುವಾಗ ವೈರಿಂಗ್ ಮುಗಿಸಿ. ಬಣ್ಣಕ್ಕೆ ದೀಪಾವಳಿ ಕಳೆಯಲಿ.

ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್ ಆದರೆ ಹೀಗೆ ವೈರಿಂಗ್ ಬೇರೆ, ಬಣ್ಣ ಬೇರೆ ಮಾಡುವುದು ಇನ್ನೂ ಸುಲಭ. 1954ರಲ್ಲಿ ಬಂದ ಆ ವಿನ್ಯಾಸದಲ್ಲಿ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಸ್ವಿಚ್, ಪಾಟ್ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ತಿರುಗುವ ಭಾಗ) ಎಲ್ಲವೂ ಮುಂದಿನ ಪ್ಲಾಸ್ಟಿಕ್ ಪ್ಲೇಟಿನ ಮೇಲೇ ಕೂತಿರುತ್ತವೆ. ತಂತಿಗಳನ್ನು ಸಡಿಲಿಸಿ ತೆಗೆದು, ಸ್ಕ್ರೂ ಬಿಚ್ಚಿ, ಪ್ಲೇಟನ್ನು ಮೆಲ್ಲಗೆ ಮಗುಚಿ. ಕೇಬಲ್ ಸಿಕ್ಕಿಸುವ ಜ್ಯಾಕ್‌ಗೆ ಹೋಗುವ ಎರಡು ವೈರು ಮತ್ತು ಹಿಂದಿನ ಸ್ಪ್ರಿಂಗ್ ಕಡೆಯಿಂದ ಬರುವ ಒಂದು ವೈರು ಮಾತ್ರ ಮರಕ್ಕೆ ಅಂಟಿಕೊಂಡಿರುತ್ತವೆ. ಯಾವುದನ್ನೂ ಕತ್ತರಿಸುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ.

ಕರಕರ ಶಬ್ದಕ್ಕೆ ತಕ್ಷಣ ಹೊಸ ಪಾಟ್ ಕೊಳ್ಳಬೇಡಿ. ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗಲಿಲ್ಲವೆಂದರೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ನಡೆಯಿರಿ. ಭಾನುವಾರ ಬೇಡ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇದ್ದರೆ 250ಕೆ (ಕಿಲೋ ಓಮ್), ಹಂಬಕರ್ (ಎರಡು ಸುರುಳಿಯ ಪಿಕಪ್) ಇದ್ದರೆ 500ಕೆ, ಎರಡಕ್ಕೂ ಲಾಗ್ ಪಾಟ್ (ಸದ್ದು ಕಿವಿಗೆ ಸಮನಾಗಿ ಏರಿಳಿಯುವಂಥದು) ಕೇಳಿ. ಹಳೇ ಪಾಟ್ ಜೇಬಲ್ಲಿರಲಿ. ದಂಡದ ಅಳತೆ ಬೇರೆಯಾದರೆ ನಾಬ್ ಕೂರುವುದಿಲ್ಲ.

ಬೆಸುಗೆಯಲ್ಲಿ ಹೆಚ್ಚಿನವರು ಸೋಲುವುದು ಪಾಟ್‌ನ ಬೆನ್ನಿನ ಮೇಲೆ. ಗ್ರೌಂಡ್, ಅಂದರೆ ಅರ್ಥಿಂಗ್ ವೈರುಗಳೆಲ್ಲ ಅಲ್ಲಿಗೇ ಬರುತ್ತವೆ. ಆ ಲೋಹದ ಡಬ್ಬಿ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, 25 ವ್ಯಾಟಿನ ಐರನ್ ಒದ್ದಾಡುತ್ತದೆ. 40ರಿಂದ 60 ವ್ಯಾಟಿನದು ತನ್ನಿ. ಬೆನ್ನನ್ನು ಉಪ್ಪುಕಾಗದದಿಂದ ಕೆರೆದು, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಅಂಟು) ಹಚ್ಚಿ, ಮೊದಲು ಅಲ್ಲೊಂದು ಸೋಲ್ಡರ್ ಚುಕ್ಕೆ ಹರಡಿ. ಆಮೇಲೆ ವೈರು ಇಟ್ಟು ಎರಡು ಮೂರು ಸೆಕೆಂಡ್ ಶಾಖ ಕೊಡಿ. ಚುಕ್ಕೆ ಹೊಳೆಯಬೇಕು. ಮಂಕಾಗಿ ಉಂಡೆಗಟ್ಟಿದರೆ ಅದು ಹಿಡಿದಿಲ್ಲ. ಸಾಮಾನ್ಯ ಸೋಲ್ಡರಿನಲ್ಲಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಿಟಕಿ ತೆರೆದಿರಲಿ.

ತಂತಿ ಕಟ್ಟುವ ಮೊದಲೇ ಪರೀಕ್ಷೆ ಮಾಡಬಹುದು. ಆಂಪ್‌ಗೆ ಸಿಕ್ಕಿಸಿ ಪ್ರತಿ ಪಿಕಪ್ ಮೇಲೆ ಸ್ಕ್ರೂಡ್ರೈವರಿನಿಂದ ತಟ್ಟಿ. ಟಕ್ ಅಂದರೆ ಅದು ಕೆಲಸ ಮಾಡುತ್ತಿದೆ. ತಂತಿ ಕಟ್ಟಿದ ಮೇಲೆ ಗುಂಯ್ ಅನ್ನುವ ಸದ್ದು ತಂತಿಯನ್ನು ಕೈಯಿಂದ ಮುಟ್ಟಿದಾಗ ಕಡಿಮೆಯಾದರೆ ಗ್ರೌಂಡ್ ಸರಿಯಿದೆ. ಮುಟ್ಟಿದಾಗ ಜಾಸ್ತಿಯಾದರೆ ಜ್ಯಾಕ್‌ನ ಎರಡು ವೈರು ಅದಲುಬದಲಾಗಿರಬಹುದು. ಸ್ಪ್ರಿಂಗ್ ಕಡೆಯ ವೈರು ಬಿಟ್ಟುಹೋಗಿದೆಯೇ ಅಂತಲೂ ನೋಡಿ. ನಮ್ಮ ಗಿಟಾರಿನಲ್ಲಿ ಆಗಿದ್ದು ಅದೇ.

ಇನ್ನು ಬಣ್ಣ. ಹಳೇ ಬಣ್ಣ ಗಟ್ಟಿಯಾಗಿ ಹಿಡಿದಿರುವ ಕಡೆ ಮರ ಕಾಣುವ ತನಕ ಉಜ್ಜಬೇಡಿ. ಅಗ್ಗದ ಗಿಟಾರ್‌ಗಳ ಮೇಲಿನ ಪಾಲಿಯೆಸ್ಟರ್ ಪದರ ಬಹಳ ದಪ್ಪ, ಸುಮ್ನೆ ಎರಡು ವಾರ ಹಾಳು. ಎದ್ದ ಚಕ್ಕೆಯನ್ನಷ್ಟೇ ತೆಗೆದು, ಗುಂಡಿಗೆ ಪುಟ್ಟಿ ತುಂಬಿ, 320 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ. ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಕುತ್ತಿಗೆ ಕೂರುವ ಗುಳಿಗೆ ಟೇಪ್ ಹಚ್ಚಿ. ಅಲ್ಲಿ ಬಣ್ಣ ಕೂತರೆ ಕುತ್ತಿಗೆ ಸರಿಯಾಗಿ ಕೂರುವುದಿಲ್ಲ.

ಎನ್‌ಸಿ ಸ್ಪ್ರೇ ಡಬ್ಬಿಯನ್ನು ಟೆರೇಸಿನಲ್ಲಿ, ಗಾಳಿ ಕಡಿಮೆ ಇರುವ ಬೆಳಿಗ್ಗೆ ಹೊಡೆಯಿರಿ. ಮನೆಯೊಳಗೆ, ಗ್ಯಾಸ್ ಒಲೆ ಇರುವ ಕಡೆ ಖಂಡಿತ ಬೇಡ. ತೆಳುವಾಗಿ ಒಂದು ಪದರ, ಅರ್ಧ ಗಂಟೆ ಬಿಟ್ಟು ಇನ್ನೊಂದು. ದಿನಕ್ಕೆ ಮೂರು ಸಾಕು. ಕೆಳಗೆ ಎನಾಮಲ್ ಇದ್ದರೆ ಮಾತ್ರ ಅದನ್ನು ಪೂರ್ತಿ ತೆಗೆಯಲೇಬೇಕು, ಇಲ್ಲದಿದ್ದರೆ ಎನ್‌ಸಿ ಅದನ್ನು ಸುಕ್ಕುಗಟ್ಟಿಸುತ್ತದೆ.

ಆಮೇಲೆ ನೆರಳಲ್ಲಿ ತೂಗುಹಾಕಿ ಬಿಡಿ. ಎರಡು ಮೂರು ವಾರ ಹಿಡಿಯಬಹುದು. ಮೂಗು ಹತ್ತಿರ ತಂದರೆ ಥಿನ್ನರ್ ವಾಸನೆ ಬರುತ್ತಿದ್ದರೆ ಒಳಗೆ ಇನ್ನೂ ಹಸಿಯಿದೆ. ವಾಸನೆ ಹೋದ ಮೇಲೆ 1500, ಆಮೇಲೆ 2000ದ ಕಾಗದ ನೆನೆಸಿ ಹಗುರವಾಗಿ ಉಜ್ಜಿ. ಸ್ಕ್ರೂ ತೂತುಗಳಿಗೆ ನೀರು ಇಳಿಯದಂತೆ ನೋಡಿಕೊಳ್ಳಿ, ಮರ ಉಬ್ಬಿ ಬಣ್ಣ ಸೀಳುತ್ತದೆ. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಟ್ಟೆಯಿಂದ ತಿಕ್ಕಿ, ಆಗಸ್ಟಿನಲ್ಲೇ ಸಿದ್ಧ ಮಾಡಿಟ್ಟ ಪ್ಲೇಟನ್ನು ತಂದು ಕೂರಿಸಿ.