ಸ್ಟೀರಾಯ್ಡ್ ಮತ್ತು ಗ್ಲಾಕೋಮಾ: ಮಯೊಸಿಲಿನ್ ಜೀನ್‌ನ ಏರಿಕೆ ಅಳೆಯುವ ಬಗೆ

ಕಣ್ಣಿನೊಳಗಿನ ದ್ರವ ಬಹುಪಾಲು ಹೊರಹೋಗುವುದು ಟ್ರಬೆಕ್ಯುಲರ್ ಮೆಶ್‌ವರ್ಕ್ ಎಂಬ ಜಾಲರಿಯ ಮೂಲಕ. ಸ್ಟೀರಾಯ್ಡ್ ಹನಿಗಳನ್ನು ವಾರಗಟ್ಟಲೆ ಹಾಕಿಕೊಂಡರೆ ಕೆಲವರಲ್ಲಿ ಈ ದಾರಿ ಬಿಗಿದು ಕಣ್ಣೊತ್ತಡ ಏರುತ್ತದೆ; ಇದು ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾಕ್ಕೆ ದಾರಿಯಾಗಬಹುದು. ಇದೇ ಔಷಧಕ್ಕೆ ಜಾಲರಿಯ ಕೋಶಗಳಲ್ಲಿ ಅತಿ ಜೋರಾಗಿ ಸ್ಪಂದಿಸುವ ಜೀನ್ ಮಯೊಸಿಲಿನ್. ಇದರ ರೂಪಾಂತರಗಳಿಗೂ ಗ್ಲಾಕೋಮಾಕ್ಕೂ ನಂಟಿರುವುದು 1997ರಲ್ಲಿ ತಿಳಿಯಿತು.

ಕಾರ್ನಿಯಾ ಕಸಿಯ ನಂತರ ಉಳಿಯುವ ದಾನಿಯ ಕಣ್ಣಿನ ಅಂಚಿನಿಂದ ಈ ಜಾಲರಿಯ ಕೋಶಗಳನ್ನು ಬೆಳೆಸಿ. 3ರಿಂದ 6ನೇ ಪಾಸೇಜ್‌ನೊಳಗೆ (ಒಂದು ತಟ್ಟೆಯಿಂದ ಹೊಸ ತಟ್ಟೆಗೆ ಬಿತ್ತುವ ಪ್ರತಿ ಸುತ್ತು ಒಂದು ಪಾಸೇಜ್) ಬಳಸಿ. ಆಮೇಲೆ ಅವು ತಮ್ಮ ಗುಣ ಕಳೆದುಕೊಳ್ಳುತ್ತವೆ. ತಟ್ಟೆ ತುಂಬಿದ ಮೇಲೂ ಒಂದು ವಾರ ಬಿಡಿ. ನಂತರ 10 ಮಿ.ಲೀ. ಮಾಧ್ಯಮಕ್ಕೆ (ಕೋಶಗಳನ್ನು ಬೆಳೆಸುವ ಪೋಷಕ ದ್ರವ), ಎಥನಾಲ್‌ನಲ್ಲಿ ಕರಗಿಸಿದ 100 ಮೈಕ್ರೊಮೋಲಾರ್ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 10 ಮೈಕ್ರೊಲೀಟರ್ ಸೇರಿಸಿ. ಆಗ ಸಾಂದ್ರತೆ 100 ನ್ಯಾನೊಮೋಲಾರ್ ಆಗುತ್ತದೆ. ಹೋಲಿಕೆಯ ತಟ್ಟೆಗೆ ಅಷ್ಟೇ ಎಥನಾಲ್ ಹಾಕಿ, ಬರೀ ಮಾಧ್ಯಮ ಸಾಲದು. ಎರಡು ದಿನಕ್ಕೊಮ್ಮೆ ಮಾಧ್ಯಮವನ್ನು ಬದಲಿಸುತ್ತ 7 ದಿನ ಇಡಿ. ಒಂದೇ ದಿನಕ್ಕೆ ನಿಲ್ಲಿಸಿದರೆ ಮಯೊಸಿಲಿನ್ ಏರಿಕೆ ಪೂರ್ತಿಯಾಗಿ ಕಾಣದು.

ಆರ್‌ಎನ್‌ಎ ತೆಗೆದು, ಶುದ್ಧತೆ ತಿಳಿಸುವ 260/280 ಅನುಪಾತ (ಆ ಎರಡು ನ್ಯಾನೊಮೀಟರ್ ತರಂಗಾಂತರಗಳಲ್ಲಿ ಬೆಳಕು ಹೀರುವಿಕೆಯ ಅನುಪಾತ) 2ರ ಆಸುಪಾಸು ಇದೆಯೇ ನೋಡಿ, ಡಿಎನ್‌ಎಯನ್ನು ಒಡೆಯುವ ಡಿಎನ್‌ಏಸ್ ಕಿಣ್ವದ ಉಪಚಾರ ಮಾಡಿ. ಎರಡೂ ತಟ್ಟೆಗಳಿಂದ ಸಮಪ್ರಮಾಣದ ಆರ್‌ಎನ್‌ಎ ತೆಗೆದುಕೊಂಡು ಸಿಡಿಎನ್‌ಎ, ಅಂದರೆ ಅದರ ಡಿಎನ್‌ಎ ಪ್ರತಿ, ಮಾಡಿ. ಈ ಪ್ರತಿ ಮಾಡುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಕೊಳವೆಯೂ ಇರಲಿ. ಸಿಡಿಎನ್‌ಎಯನ್ನು ಸೈಕಲ್‌ನಿಂದ ಸೈಕಲ್‌ಗೆ ಇಮ್ಮಡಿಸುತ್ತ ಅಳೆಯುವ ಕ್ಯೂಪಿಸಿಆರ್‌ಗೆ ಎಲ್ಲವನ್ನೂ ಹಾಕಿ. ಕಿಣ್ವವಿಲ್ಲದ ಕೊಳವೆಯಲ್ಲೂ ಸಂಕೇತ ಬಂದರೆ ಜೀನೋಮ್ ಡಿಎನ್‌ಎ ಉಳಿದಿದೆ ಎಂದರ್ಥ. ಮಯೊಸಿಲಿನ್‌ಗೆ ಎಕ್ಸಾನ್ (ಆರ್‌ಎನ್‌ಎಯಲ್ಲಿ ಉಳಿಯುವ ಜೀನ್ ತುಂಡು) ಇರುವುದು ಮೂರೇ, ಪ್ರೈಮರ್‌ಗಳು (ಪ್ರತಿ ಶುರುಮಾಡುವ ಡಿಎನ್‌ಎ ತುಣುಕುಗಳು) ಎರಡು ಎಕ್ಸಾನ್‌ಗಳ ನಡುವಿನ ಸಂಧಿಯನ್ನು ದಾಟುವಂತೆ ಆರಿಸಿ.

ಲೆಕ್ಕ ಹೀಗೆ. ಹೋಲಿಕೆಯಲ್ಲಿ ಮಯೊಸಿಲಿನ್ 31ನೇ ಸೈಕಲ್‌ನಲ್ಲಿ, ಅಳತೆಗೋಲಾಗಿ ಬಳಸುವ, ಹೆಚ್ಚು ಬದಲಾಗದ ಜೀನ್ ಗ್ಯಾಪ್‌ಡಿಎಚ್ 18ರಲ್ಲಿ ಕಂಡಿತು ಎನ್ನೋಣ: ಅಂತರ 13. ಔಷಧ ತಾಗಿದ ಕೋಶಗಳಲ್ಲಿ 25 ಮತ್ತು 18: ಅಂತರ 7. ವ್ಯತ್ಯಾಸ 6 ಸೈಕಲ್, ಅಂದರೆ ಎರಡರ ಆರನೇ ಘಾತ, 64 ಪಟ್ಟು. ಹೋಲಿಕೆಯ ಮಯೊಸಿಲಿನ್ ಕಾಣುವುದೇ 35ನೇ ಸೈಕಲ್‌ನ ಆಚೆಗಿದ್ದರೆ ಸಾವಿರ ಪಟ್ಟು ಎಂಬ ಉತ್ತರವೂ ಬರುತ್ತದೆ, ಅದನ್ನು ದಯವಿಟ್ಟು ನಂಬಬೇಡಿ. ಏರಿಕೆಯೇ ಇಲ್ಲದಿದ್ದರೆ ಫೈಬ್ರೊಬ್ಲಾಸ್ಟ್ ಎಂಬ ಬೇರೆ ಬಗೆಯ ಕೋಶಗಳು ಬೆರೆತಿರಬಹುದು. ದಾನಿಯಿಂದ ದಾನಿಗೆ ಪ್ರತಿಕ್ರಿಯೆ ಬಹಳ ಬದಲಾಗುವುದರಿಂದ ಕನಿಷ್ಠ ಮೂವರ ಕೋಶಗಳು ಬೇಕು.

ಈ ಏರಿಕೆಯನ್ನೇ ರೋಗದ ಕಾರಣವೆಂದು ಬರೆಯುವುದು ದೊಡ್ಡ ತಪ್ಪು. ಇಲಿಗಳಲ್ಲಿ ಸಾಮಾನ್ಯ ಮಯೊಸಿಲಿನ್ ಹೆಚ್ಚಿಸಿದಾಗ ಒತ್ತಡ ಏರಲಿಲ್ಲ. ಕೆಡುಕು ಮಾಡುವುದು ರೂಪಾಂತರಿತ ಪ್ರೋಟೀನ್: ಸರಿಯಾಗಿ ಮಡಚಿಕೊಳ್ಳದೆ, ಹೊರಗೆ ಸ್ರವಿಸದೆ, ಕೋಶದೊಳಗೇ ಜಮೆಯಾಗುತ್ತದೆ. ಆರ್‌ಎನ್‌ಎ ಎಣಿಕೆಗೆ ಇದು ಸಿಗುವುದಿಲ್ಲ. ಆದ್ದರಿಂದ ಮಾಧ್ಯಮವನ್ನೂ ಕೋಶಸಾರವನ್ನೂ ಬೇರೆ ಬೇರೆ ಸಾಲಿನಲ್ಲಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಗುರುತಿಸುವ ಪರೀಕ್ಷೆ) ಮಾಡಿ, ಮಯೊಸಿಲಿನ್‌ನ 55ರಿಂದ 57 ಕಿಲೋಡಾಲ್ಟನ್‌ನ ಪಟ್ಟಿ ಎಲ್ಲಿದೆ ನೋಡಿ.