ಕಾರಿಗೆ ಕೈ ಹಾಕಿದ ಮೇಲೆ ಅದರ ಕ್ಲಾಸು ಯಾವುದು?

ಮಳೆ ಬಿಟ್ಟು ಗುಡ್ಡೆಯ ಮೈದಾನಗಳ ಕೆಂಪು ಮಣ್ಣು ಗಟ್ಟಿಯಾಗುವ ಹೊತ್ತಿಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಉಪ್ಪಳ ಕಡೆಯ ಹುಡುಗರ ಬಾಯಲ್ಲಿ ಆಟೋಕ್ರಾಸ್ ಎಂಬ ಕಾರು ಸ್ಪರ್ಧೆಯ ಸುದ್ದಿ ಶುರುವಾಗುತ್ತದೆ. ಮಂಗಳೂರು ಕಡೆ ಎಲ್ಲಾದರೂ ಉಂಟಾ, ಕಣ್ಣೂರು ಕಡೆ ಉಂಟಾ ಎಂದು ವಿಚಾರಿಸುತ್ತಾರೆ. ಕಾರು ರೆಡಿ ಇರುತ್ತದೆ. ಟೈರ್ ಹೊಸದು, ಸೈಲೆನ್ಸರ್ ಬದಲಾಗಿದೆ, ಸ್ಪ್ರಿಂಗ್ ಗಟ್ಟಿಯದ್ದು ಹಾಕಿಸಿದ್ದಾರೆ. ಆದರೆ ಫಾರ್ಮ್ ತುಂಬುವಾಗ ‘ಕ್ಲಾಸ್’ ಎಂಬ ಜಾಗಕ್ಕೆ ಬಂದರೆ ಪೆನ್ನು ನಿಲ್ಲುತ್ತದೆ. ಗೆಳೆಯ ಏನು ಬರೆದನೋ ಅದನ್ನೇ ಇವರೂ ಬರೆಯುತ್ತಾರೆ.

ಹಾಗೆ ಬರೆದು ದಿನವಿಡೀ ಪಟ್ಟ ಶ್ರಮ ಮಣ್ಣಾದವರನ್ನು ನಾನು ನೋಡಿದ್ದೇನೆ. ನಮ್ಮ ಕುಟುಂಬದಲ್ಲೇ ಆಗಿದೆ, ಅದನ್ನು ಮುಂದೆ ಹೇಳುತ್ತೇನೆ. ನಿಯಮವೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ಗ್ಯಾರೇಜಿನ ಮಾತು ಕನ್ನಡ, ತುಳು, ಮಲಯಾಳ. ಹಾಗಾಗಿ ಇದನ್ನು ನಮ್ಮ ಭಾಷೆಯಲ್ಲಿ ಒಮ್ಮೆ ಬಿಡಿಸಿ ಹೇಳಬೇಕು ಅಂತ ತುಂಬ ದಿನದಿಂದ ಅನಿಸಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಆಟೋಕ್ರಾಸ್ ಅಂದರೆ ಮೈದಾನದಲ್ಲಿ ಕೋನ್ ಇಟ್ಟು ಅಂಕುಡೊಂಕು ದಾರಿ ಮಾಡಿ ಒಬ್ಬೊಬ್ಬರಾಗಿ ಓಡಿಸುವ ಸ್ಪರ್ಧೆ. ಯಾರಿಗೆ ಕಡಿಮೆ ಸಮಯ ಸಾಕಾಯಿತೋ ಅವರು ಗೆದ್ದರು. ಅಮೆರಿಕದಲ್ಲಿ ಇದನ್ನು ಹೆಚ್ಚಾಗಿ ಡಾಂಬರು, ಕಾಂಕ್ರೀಟಿನ ಮೇಲೆ ಮಾಡುತ್ತಾರೆ. ನಮ್ಮಲ್ಲಿ ಮಣ್ಣಿನ ಮೇಲೆ ಜಾಸ್ತಿ. 800 ಸಿಸಿಯ ಕಾರನ್ನು 1,600 ಸಿಸಿಯ ಕಾರಿನ ಜತೆ ಓಡಿಸಿದರೆ ನ್ಯಾಯ ಅಲ್ಲ, ಅಲ್ವಾ? ಅದಕ್ಕೇ ಕ್ಲಾಸು, ಅಂದರೆ ಸರಿಸಮಾನ ಕಾರುಗಳ ಗುಂಪು.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಭಾರತದಲ್ಲಿ ಮೋಟಾರು ಕ್ರೀಡೆಗಳನ್ನು ನೋಡಿಕೊಳ್ಳುವುದು ಚೆನ್ನೈಯಲ್ಲಿ ಕಚೇರಿ ಇರುವ ಎಫ್‌ಎಂಎಸ್‌ಸಿಐ. ಅದರ ಅನುಮತಿ ಇರುವ ಪ್ರತಿ ಸ್ಪರ್ಧೆಗೂ ಸಪ್ಲಿಮೆಂಟರಿ ರೆಗ್ಯುಲೇಶನ್ಸ್ ಎಂಬ ನಿಯಮಪತ್ರ ಇರುತ್ತದೆ. ಎಲ್ಲರೂ ಸುಮ್ನೆ ‘ಎಸ್‌ಆರ್’ ಅನ್ನುತ್ತಾರೆ. ಹೆಸರು ಕೊಡುವ ಮೊದಲು ಅದನ್ನು ಸಂಘಟಕರಿಂದ ಕೇಳಿ ಪಡೆಯಿರಿ. ಕ್ಲಾಸುಗಳ ಪಟ್ಟಿ, ಇಂಜಿನ್ ಮತ್ತು ಬಾಡಿಯಲ್ಲಿ ಏನು ಬದಲಿಸಬಹುದು ಎಂಬ ಭಾಗ, ಸುರಕ್ಷತೆಯ ಭಾಗ, ಈ ಮೂರನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಹೋದ ವರ್ಷದ್ದು ಬೇಡ, ಪಕ್ಕದ ಊರಿನ ಸ್ಪರ್ಧೆಯದ್ದೂ ಬೇಡ. ಒಂದು ಕಡೆ ಸ್ಟಾಕ್ ಕ್ಲಾಸಿಗೆ (ಕಂಪನಿಯಿಂದ ಬಂದ ಹಾಗೆ ಇರುವ ಕಾರುಗಳದ್ದು) ಬರುವ ಕಾರು ಇನ್ನೊಂದು ಕಡೆ ಬರಲಿಕ್ಕಿಲ್ಲ.

ಓದುವಾಗ ಒಂದು ಸೂತ್ರ ನೆನಪಿರಲಿ: ಮಾಡಬಹುದು ಎಂದು ಬರೆಯದೇ ಇದ್ದದ್ದನ್ನು ಮಾಡಬಾರದು. ‘ಮಾಡಬಾರದು ಅಂತ ಎಲ್ಲಿಯೂ ಹೇಳಿಲ್ಲವಲ್ಲ’ ಎಂಬ ವಾದ ಸ್ಕ್ರುಟಿನಿಯಲ್ಲಿ, ಅಂದರೆ ಸಂಘಟಕರು ಕಾರು ತಪಾಸಣೆ ಮಾಡುವಾಗ, ನಿಲ್ಲುವುದಿಲ್ಲ. ಹೆಚ್ಚಿನ ಕಡೆ ನಿಯಮ ಓದುವ ಕ್ರಮ ಇದೇ.

ವಿಡಿಯೊ ನೋಡಿ ಕಲಿಯುವವರಿಗೆ ಇನ್ನೊಂದು ಗೊಂದಲ ಉಂಟು. ಅಮೆರಿಕದ ಎಸ್‌ಸಿಸಿಎ ಸಂಸ್ಥೆಯಲ್ಲಿ ಸ್ಟ್ರೀಟ್, ಸ್ಟ್ರೀಟ್ ಟೂರಿಂಗ್, ಸ್ಟ್ರೀಟ್ ಪ್ರಿಪೇರ್ಡ್, ಸ್ಟ್ರೀಟ್ ಮಾಡಿಫೈಡ್ ಎಂದು ಏಣಿಯ ಹಾಗೆ ಮೇಲೇರುವ ವಿಭಾಗಗಳಿವೆ. ಕೆಳಗಿನ ಸ್ಟ್ರೀಟ್‌ನಲ್ಲಿ ರಿಮ್ಮಿನ ವ್ಯಾಸ ಒಂದು ಇಂಚು ಹೆಚ್ಚು ಕಡಿಮೆ ಆಗಬಹುದು, ಅಗಲ ಬದಲಾಗಬಾರದು. ಶಾಕ್ ಅಬ್ಸಾರ್ಬರ್ ಬದಲಿಸಬಹುದು. ಸ್ಪ್ರಿಂಗ್ ಬದಲಿಸಿದಿರೋ, ಮೇಲಿನ ವಿಭಾಗಕ್ಕೆ ಹೋದಿರಿ. ಆ ಹೆಸರುಗಳು ಇಲ್ಲಿ ನಡೆಯುವುದಿಲ್ಲ. ಆದರೆ ಒಂದೊಂದು ಬದಲಾವಣೆಯೂ ಕಾರನ್ನು ಒಂದೊಂದು ಮೆಟ್ಟಿಲು ಮೇಲಕ್ಕೆ ದೂಡುತ್ತದೆ ಎಂಬುದು ಇಲ್ಲಿಯೂ ಅಷ್ಟೇ ಸತ್ಯ.

ಕಾರಿನ ಜಾತಕ ಬರೆಯಿರಿ

ಒಂದು ನೋಟ್‌ಬುಕ್ ಹಿಡಿದು ಕಾರಿನ ಮುಂದಿನ ಬಂಪರಿನಿಂದ ಶುರು ಮಾಡಿ. ಕಂಪನಿಯಿಂದ ಬಂದ ಹಾಗೆ ಇಲ್ಲದ್ದು ಏನೇನು ಕಂಡಿತೋ ಎಲ್ಲವನ್ನೂ ಬರೆಯಿರಿ. ಹೊಸ ಕಾರು ತೆಗೆದುಕೊಂಡವರಿಗೆ ಇದು ಅರ್ಧ ಗಂಟೆಯ ಕೆಲಸ. ಆದರೆ ನಮ್ಮ ಕಡೆ ಆಟೋಕ್ರಾಸ್‌ಗೆ ಬರುವುದು ಹೆಚ್ಚಾಗಿ ಎರಡು ಮೂರು ಕೈ ದಾಟಿದ ಕಾರು. ಮಂಗಳೂರಿನ ಕೆಎ 19ರಿಂದ ಕಾಸರಗೋಡಿನ ಕೆಎಲ್ 14ಕ್ಕೆ ಬಂದದ್ದು, ನಡುವೆ ಎಲ್ಲೋ ಇಂಜಿನ್ ಬಿಚ್ಚಿದ್ದು, ಯಾವುದೋ ಗುಜರಿಯಿಂದ ಗೇರ್‌ಬಾಕ್ಸ್ ತಂದು ಹಾಕಿದ್ದು. ಇದೆಲ್ಲ ಆರ್‌ಸಿಯಲ್ಲಿ ಬರೆದಿರುವುದಿಲ್ಲ.

ಹಾಗಾಗಿ ಹಳೆಯ ಮಾಲೀಕರಿಗೆ ಫೋನ್ ಮಾಡಿ. ಸರ್ವಿಸ್ ಬಿಲ್ಲುಗಳಿದ್ದರೆ ಕೇಳಿ. ಊರಿನಲ್ಲಿ ಅದೇ ಮಾಡೆಲಿನ, ಯಾರೂ ಕೈ ಹಾಕದ ಕಾರು ಒಂದು ಇದ್ದೇ ಇರುತ್ತದೆ. ನಿವೃತ್ತ ಮಾಷ್ಟ್ರೊಬ್ಬರ ಶೆಡ್ಡಿನಲ್ಲೋ, ತೋಟದ ಮನೆಯ ಅಂಗಳದಲ್ಲೋ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಬಾನೆಟ್ ಎತ್ತಿ ನೋಡಿ. ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ಸಿಸಿ ಲೆಕ್ಕ: ಇಲ್ಲಿ ಅವಸರ ಮಾಡಬೇಡಿ

ಕ್ಲಾಸು ಮೊದಲು ನಿಲ್ಲುವುದು ಇಂಜಿನಿನ ಸಿಸಿಯ ಮೇಲೆ. ಮೋಟಾರು ಕ್ರೀಡೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎ ತನ್ನ ಗ್ರೂಪ್ ಎನ್, ಗ್ರೂಪ್ ಎ ಎಂಬ ವಿಭಾಗಗಳ ಕಾರುಗಳಿಗೆ 1,400, 1,600 ಮತ್ತು 2,000 ಸಿಸಿಗೆ ಗೆರೆ ಎಳೆದಿತ್ತು. ನಮ್ಮ ಸ್ಪರ್ಧೆಗಳಲ್ಲಿ ಸಣ್ಣ ಕಾರುಗಳಿಗಾಗಿ ಅದಕ್ಕಿಂತ ಕೆಳಗೂ ಗೆರೆಗಳಿರುತ್ತವೆ. ನಿಮ್ಮ ಎಸ್‌ಆರ್‌ನಲ್ಲಿ ಯಾವ ಸಂಖ್ಯೆ ಉಂಟೋ ಅದೇ ಗೆರೆ.

ಹೆಚ್ಚಿನವರು ಆರ್‌ಸಿ ನೋಡಿ ಸಿಸಿ ಬರೆಯುತ್ತಾರೆ. ಇಂಜಿನ್ ಬಿಚ್ಚದ ಕಾರಿಗೆ ಅದು ಸಾಕು. ಬಿಚ್ಚಿದ ಕಾರಿಗೆ ಸಾಲದು.

ಈಗ ನಮ್ಮ ಭಾವನ ಕತೆ. ಅವರ ಹತ್ತಿರ ಹಳೆಯ ಮಾರುತಿ ಬಲೆನೊ ಉಂಟು, ಈಗಿನ ಹ್ಯಾಚ್‌ಬ್ಯಾಕ್ ಅಲ್ಲ, ಆಗಿನ ಸೆಡಾನ್. ಆರ್‌ಸಿಯಲ್ಲಿ 1,590 ಸಿಸಿ. 1,600ರ ಒಳಗಿನ ಕ್ಲಾಸಿಗೆ ಹೆಸರು ಕೊಟ್ಟೆವು. ಭಾವ ಚೆಂದ ಓಡಿಸಿದರು, ಎರಡನೇ ಸ್ಥಾನ ಬಂತು. ಇನ್ನೊಬ್ಬ ಸ್ಪರ್ಧಿ ಠೇವಣಿ ಕಟ್ಟಿ ಆಕ್ಷೇಪ ಸಲ್ಲಿಸಿದರು. ಇಂಜಿನಿನ ಹೆಡ್ ಬಿಚ್ಚಿ ಅಳತೆ ನೋಡಿದಾಗ ಬೋರ್ (ಸಿಲಿಂಡರಿನ ಒಳವ್ಯಾಸ) 75 ಮಿ.ಮೀ. ಇರಬೇಕಾದಲ್ಲಿ 75.25 ಇತ್ತು. ನಮಗಿಂತ ಮೊದಲು ಯಾರೋ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದರು. ಹೊಗೆ ನಿಲ್ಲಿಸಲಿಕ್ಕೆ ಮಾಡಿದ ರಿಪೇರಿ, ಮೋಸಕ್ಕಲ್ಲ. ಲೆಕ್ಕ ಹಾಕಿದರೆ 1,601 ಸಿಸಿ. ಒಂದೇ ಒಂದು ಸಿಸಿಗೆ ಫಲಿತಾಂಶದಿಂದ ಹೆಸರು ಹೋಯಿತು. “ಎಂತ ಮಾಡುವುದು, ಅಳತೆ ಅಳತೆಯೇ ಅಲ್ವಾ” ಎಂದು ಹೇಳಿ ಭಾವ ಹೆಡ್ ಬೋಲ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡರು. ತಲಪಾಡಿ ದಾಟಿ ಮನೆ ಮುಟ್ಟುವವರೆಗೆ ಯಾರೂ ಮಾತಾಡಲಿಲ್ಲ.

ಆ ಲೆಕ್ಕ ಕಷ್ಟದ್ದಲ್ಲ. ಬೋರನ್ನು ಸೆಂಟಿಮೀಟರಿನಲ್ಲಿ ಬರೆದು ಅದರಿಂದಲೇ ಗುಣಿಸಿ. ಬಂದದ್ದನ್ನು 0.7854ರಿಂದ ಗುಣಿಸಿ. ಆಮೇಲೆ ಸೆಂಟಿಮೀಟರಿನಲ್ಲಿ ಬರೆದ ಸ್ಟ್ರೋಕಿನಿಂದ (ಪಿಸ್ಟನ್ ಚಲಿಸುವ ದೂರ), ಕೊನೆಗೆ ಸಿಲಿಂಡರುಗಳ ಸಂಖ್ಯೆಯಿಂದ. ಬಲೆನೊದ ಸ್ಟ್ರೋಕ್ 90 ಮಿ.ಮೀ. ಹಾಗಾದರೆ 7.525 × 7.525 × 0.7854 × 9 × 4. ಉತ್ತರ 1,601.

ಇದೇ ರಿಪೇರಿ ಎಸ್ಟೀಮ್‌ನ 1,298 ಸಿಸಿ ಇಂಜಿನಿಗೆ ಆಗಿದ್ದರೆ ಚಿಂತೆಯೇ ಇರಲಿಲ್ಲ. ಅದರ ಬೋರ್ 74, ಸ್ಟ್ರೋಕ್ 75.5. ಅರ್ಧ ಮಿ.ಮೀ. ಬೋರಿಂಗ್ ಮಾಡಿಸಿದರೂ 1,316 ಆಸುಪಾಸಿನಲ್ಲಿ ನಿಲ್ಲುತ್ತದೆ. 1,400ರ ಗೆರೆ ದೂರ ಉಂಟು. ಗೆರೆಯ ಅಂಚಿನಲ್ಲಿರುವ ಇಂಜಿನುಗಳಿಗೆ ಮಾತ್ರ ಈ ಅಪಾಯ. ಎಫ್‌ಐಎ ಗ್ರೂಪ್ ಎ ನಿಯಮ 0.6 ಮಿ.ಮೀ.ವರೆಗೆ ಬೋರಿಂಗ್‌ಗೆ ಅವಕಾಶ ಕೊಟ್ಟಿತ್ತು, ಆದರೆ ಕ್ಲಾಸಿನ ಗೆರೆ ದಾಟಬಾರದು ಎಂದೂ ಸೇರಿಸಿತ್ತು.

ಇಂಜಿನ್ ಬದಲಿಸಿದ ಕಾರಾದರೆ ಆರ್‌ಸಿಯ ಸಿಸಿಗೆ ಬೆಲೆ ಇಲ್ಲ. 993 ಸಿಸಿಯ ಝೆನ್‌ಗೆ ಎಸ್ಟೀಮ್ ಇಂಜಿನ್ ಕೂರಿಸಿದರೆ ಅದು 1,298 ಸಿಸಿಯ ಕಾರು. ಅಷ್ಟೇ ಅಲ್ಲ, ಇಂಜಿನ್ ಬದಲಾದ ಕಾರನ್ನು ಸಾಮಾನ್ಯವಾಗಿ ಬದಲಾವಣೆಗೆ ಹೆಚ್ಚು ಅವಕಾಶ ಇರುವ ಓಪನ್ ಕ್ಲಾಸಿಗೇ ಕಳಿಸುತ್ತಾರೆ.

ಇಂಜಿನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದರೆ ಇನ್ನೊಂದು ಗುಣಾಕಾರ. ಎಫ್‌ಐಎ ಲೆಕ್ಕದಲ್ಲಿ ಟರ್ಬೊ ಇರುವ ಪೆಟ್ರೋಲ್ ಇಂಜಿನಿನ ಸಿಸಿಯನ್ನು 1.7ರಿಂದ, ಡೀಸೆಲ್ ಇಂಜಿನಿನದ್ದನ್ನು 1.5ರಿಂದ ಗುಣಿಸುತ್ತಾರೆ. 998 ಸಿಸಿಯ ಟರ್ಬೊ ಐ20 ಹೀಗೆ 1,697 ಆಗುತ್ತದೆ. ಪೋಲೊ ಜಿಟಿ ಟಿಎಸ್‌ಐಯ 1,197 ಸಿಸಿ 2,035 ಆಗಿ 2,000ದ ಗೆರೆಯನ್ನೂ ದಾಟುತ್ತದೆ. ಹಳೆಯ ಸ್ವಿಫ್ಟ್ ಡೀಸೆಲಿನ 1,248 ಎಂಬುದು 1,872. ನಿಮ್ಮ ಎಸ್‌ಆರ್‌ನಲ್ಲಿ ಈ ಗುಣಾಕಾರ ಹೇಳಿದ್ದಾರಾ, ಟರ್ಬೊಗೆ ಬೇರೆಯೇ ಕ್ಲಾಸ್ ಇಟ್ಟಿದ್ದಾರಾ ಎಂದು ಹುಡುಕಿ ನೋಡಿ.

ಅಡಿಕೆ ಹೆಕ್ಕುವ ಹಾಗೆ ಹೆಕ್ಕಿ

ಈಗ ನೋಟ್‌ಬುಕ್ ತೆರೆಯಿರಿ. ಸುಲಿದ ಅಡಿಕೆಯಲ್ಲಿ ಒಳ್ಳೆಯ ಚಾಲಿ ಬೇರೆ, ಪಟೋರ ಬೇರೆ, ಕರಿಗೋಟು ಬೇರೆ ಮಾಡುವ ಹಾಗೆ ಬದಲಾವಣೆಗಳನ್ನು ಮೂರು ರಾಶಿ ಮಾಡಿ.

ಮೊದಲನೆಯದು ಸವೆದಾಗ ಬದಲಿಸಲೇಬೇಕಾದ ಸಾಮಾನು: ಬ್ರೇಕ್ ಪ್ಯಾಡ್, ಪ್ಲಗ್, ಆಯಿಲ್, ಬ್ಯಾಟರಿ. ಇವು ಸಾಮಾನ್ಯವಾಗಿ ಕ್ಲಾಸನ್ನು ಅಲುಗಾಡಿಸುವುದಿಲ್ಲ.

ಎರಡನೆಯದು ಬೋಲ್ಟ್ ಬಿಚ್ಚಿ ಹಾಕಬಹುದಾದದ್ದು. ಸೈಲೆನ್ಸರ್, ಹೆಡರ್ (ಇಂಜಿನಿನಿಂದ ಹೊಗೆ ಹೊರಬರುವ ಪೈಪುಗಳು), ಏರ್ ಫಿಲ್ಟರ್, ಅಲಾಯ್ ವೀಲ್, ಶಾಕ್, ಸ್ಪ್ರಿಂಗ್, ಸ್ಟ್ರಟ್ ಬಾರ್. ಹೆಚ್ಚಿನ ಜಗಳ ಈ ರಾಶಿಯಲ್ಲೇ. ಸೈಲೆನ್ಸರಿಗೆ ಬಿಡುವವರು ಹೆಡರಿಗೆ ಬಿಡಲಿಕ್ಕಿಲ್ಲ. ಶಾಕಿಗೆ ಬಿಟ್ಟು ಸ್ಪ್ರಿಂಗಿಗೆ ಬಿಡದೆ ಇರಬಹುದು. ಒಂದೊಂದು ಸಾಮಾನಿನ ಮುಂದೆ ಎಸ್‌ಆರ್‌ನ ಯಾವ ಸಾಲಿನಲ್ಲಿ ಅವಕಾಶ ಉಂಟು ಎಂದು ನಂಬರ್ ಬರೆಯಿರಿ. ನಂಬರ್ ಸಿಗದಿದ್ದರೆ ಅವಕಾಶ ಇಲ್ಲ ಎಂದೇ ತಿಳಿಯಿರಿ. ಇಸಿಯು ರಿಮ್ಯಾಪನ್ನೂ (ಇಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಇಲ್ಲೇ ಬರೆಯಿರಿ. ಕಣ್ಣಿಗೆ ಕಾಣದ್ದರಿಂದ ಅದನ್ನು ಬಿಟ್ಟುಬಿಡುವ ಆಸೆ ಆಗುತ್ತದೆ. ದಯವಿಟ್ಟು ಬಿಡಬೇಡಿ. ಹಾಗೆ ಗೆದ್ದ ಕಪ್ ನಿಮ್ಮದಲ್ಲ.

ಟೈರಿನ ಭಾಗವನ್ನು ಎರಡು ಸಲ ಓದಿ. ಮಣ್ಣಿನಲ್ಲಿ ಒಳ್ಳೆಯ ಟೈರ್ ಕೊಡುವಷ್ಟು ಲಾಭ ಸೈಲೆನ್ಸರ್ ಕೊಡುವುದಿಲ್ಲ. ಅದಕ್ಕೇ ರ‍್ಯಾಲಿ ಟೈರಿಗೆ ಕೆಲವು ಕ್ಲಾಸಿನಲ್ಲಿ ಅವಕಾಶ ಇರುವುದಿಲ್ಲ.

ಮೂರನೆಯದು ಒಳಗಿನ ಕೆಲಸ. ಇಂಜಿನಿನ ವಾಲ್ವು ತೆರೆಯುವ ಕ್ಯಾಮ್‌ಶಾಫ್ಟ್, ಪಿಸ್ಟನ್, ಹೆಡ್ ಪೋರ್ಟಿಂಗ್, ಹಗುರ ಮಾಡಿದ ಫ್ಲೈವೀಲ್, ಬದಲಾದ ಗೇರ್ ಅನುಪಾತ, ಒಂದೇ ಚಕ್ರ ಸುಮ್ಮನೆ ತಿರುಗದ ಹಾಗೆ ತಡೆಯುವ ಎಲ್‌ಎಸ್‌ಡಿ, ಹೊಸದಾಗಿ ಕೂರಿಸಿದ ಟರ್ಬೊ, ಗಾಜು ತೆಗೆದು ಹಾಕಿದ ಪ್ಲಾಸ್ಟಿಕ್. ಇವುಗಳಲ್ಲಿ ಒಂದು ಇದ್ದರೂ ಸ್ಟಾಕ್ ಕ್ಲಾಸಿನ ಆಸೆ ಬಿಡಿ. ಬಿಸಿಯಾಗಿ ಬಾಗಿದ ಹೆಡ್ಡನ್ನು ಲೇತಿನವರ ಹತ್ತಿರ ಫೇಸಿಂಗ್ ಮಾಡಿಸಿದ್ದರೆ ಅದನ್ನೂ ಬರೆಯಿರಿ. ಹೆಡ್ ತೆಳುವಾದಷ್ಟು ಕಂಪ್ರೆಷನ್ ಏರುತ್ತದೆ, ಅದಕ್ಕೂ ಮಿತಿ ಇರಬಹುದು.

ಇನ್ನು ನಿರ್ಧಾರ. ಪಟ್ಟಿಯಲ್ಲಿ ಅತಿ ದೊಡ್ಡ ಬದಲಾವಣೆ ಯಾವುದೋ ಅದೇ ಕ್ಲಾಸನ್ನು ತೀರ್ಮಾನಿಸುತ್ತದೆ. ಹತ್ತು ಸಾಮಾನು ಸ್ಟಾಕ್ ಇದ್ದು ಒಂದು ಕ್ಯಾಮ್ ಬದಲಾಗಿದ್ದರೆ ಕಾರು ಕ್ಯಾಮ್‌ನ ಕ್ಲಾಸಿಗೇ ಸೇರಿತು. ಇಲ್ಲೇ ಒಂದು ಯೋಚನೆ ಮಾಡಬೇಕು. ಆ ಒಂದನ್ನು ಮೊದಲಿನ ಹಾಗೆ ಮಾಡಿದರೆ ಕೆಳಗಿನ ಕ್ಲಾಸಿಗೆ ಬರಬಹುದಾ? ಸ್ಪ್ರಿಂಗ್, ಹೆಡರ್ ಆದರೆ ಒಂದು ಭಾನುವಾರದ ಕೆಲಸ. ಅರೆಬರೆ ಮಾಡಿಫೈ ಆದ ಕಾರನ್ನು ಓಪನ್ ಕ್ಲಾಸಿನಲ್ಲಿ ಓಡಿಸುವುದಕ್ಕಿಂತ ಸ್ಟಾಕ್‌ಗೆ ಮರಳಿಸಿ ಓಡಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಖರ್ಚೂ ಕಡಿಮೆ, ಓಡಿಸಲಿಕ್ಕೂ ಬೇಗ ಕಲಿಯುತ್ತೀರಿ.

ತೂಕದ ಮಿತಿ ಇದ್ದರೆ ಜಲ್ಲಿ ಲಾರಿ ತೂಗುವ ವೇಬ್ರಿಜ್‌ಗೆ ಒಮ್ಮೆ ಹೋಗಿ ಬನ್ನಿ. ಹಿಂದಿನ ಸೀಟು ತೆಗೆಯಬಹುದಾ ಎಂಬುದನ್ನೂ ನೋಡಿ. ರೋಲ್ ಕೇಜ್, ಸೀಟ್‌ಬೆಲ್ಟಿನಂಥ ಸುರಕ್ಷತೆಯ ಸಾಮಾನಿಗೆ ಸಾಮಾನ್ಯವಾಗಿ ಯಾರೂ ಅಡ್ಡಿ ಮಾಡುವುದಿಲ್ಲ.

ಮನೆಗೆ ವಾಪಸ್ ಬರುವ ದಾರಿ

ಕೇರಳದಲ್ಲಿ ಇರುವ ನಮಗೆ ಈ ಭಾಗ ತುಂಬ ಮುಖ್ಯ. ಮೈದಾನದಲ್ಲಿ ಸರಿಯಾದದ್ದು ರಸ್ತೆಯಲ್ಲಿ ಸರಿ ಅಂತ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗಿ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿಯಿತು. 182ಎ ಸೆಕ್ಷನ್ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಹಾಗಾಗಿ ಮೂರನೇ ರಾಶಿಯ ಕೆಲಸ ಮಾಡಿಸಿದ ಕಾರನ್ನು ಹೆದ್ದಾರಿಯಲ್ಲಿ ಓಡಿಸಿಕೊಂಡು ಹೋಗಬೇಡಿ. ರಿಕವರಿ ವಾಹನದಲ್ಲಿ ಹಾಕಿಕೊಂಡು ಹೋಗಿ. ಕಾರಿನ ಸಾಮಾನ್ಯ ಇನ್ಶೂರೆನ್ಸ್ ಕೂಡ ಸ್ಪರ್ಧೆಯಲ್ಲಿ ಆದ ಹಾನಿಗೆ ಹಣ ಕೊಡುವುದಿಲ್ಲ. ಪಾಲಿಸಿಯಲ್ಲೇ ಬರೆದಿರುತ್ತದೆ.

ಅನುಮಾನ ಉಳಿದರೆ

ಮೊದಲೇ ಕೇಳಿ, ಬರೆದು ಕೇಳಿ. ‘ನನ್ನ ಕಾರು ಯಾವ ಕ್ಲಾಸು?’ ಎಂದು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಮಾಡೆಲ್, ಸಿಸಿ, ಬೋರ್, ಬದಲಾವಣೆಗಳ ಪಟ್ಟಿ, ನೀವು ಅಂದುಕೊಂಡ ಕ್ಲಾಸು, ಇಷ್ಟು ಬರೆದು ಇದು ಸರಿಯಾ ಎಂದು ಕೇಳಿ. ಸಂಘಟಕರ ಉತ್ತರವನ್ನು ಪ್ರಿಂಟ್ ತೆಗೆದು ಎಸ್‌ಆರ್ ಜತೆ ಫೈಲಿಗೆ ಹಾಕಿ. ಗ್ಯಾರೇಜಿನವರು ಬಾಯಲ್ಲಿ ಹೇಳಿದ್ದು ಸ್ಕ್ರುಟಿನಿಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಭಾವ ಈಗ ಅದೇ ಬಲೆನೊವನ್ನು 1,600ರ ಮೇಲಿನ ಕ್ಲಾಸಿನಲ್ಲಿ ಓಡಿಸುತ್ತಾರೆ. ಹೇಗೂ ಗೆರೆ ದಾಟಿ ಆಯಿತಲ್ಲ ಎಂದು, ಆ ಕ್ಲಾಸಿನ ನಿಯಮ ಓದಿ, ಅವಕಾಶ ಇದ್ದ ಹೆಡರ್ ಒಂದನ್ನು ಹಾಕಿಸಿಕೊಂಡಿದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೀಲಿ ಫೈಲ್ ಇರುತ್ತದೆ. ಮೊದಲ ಹಾಳೆಯ ಮೇಲೆ ದೊಡ್ಡದಾಗಿ 75.25 ಎಂದು ಬರೆದಿಟ್ಟಿದ್ದಾರೆ.