ಚದುರಿದ ಅಕ್ಷರಗಳಿಂದ ಪದ ಹಿಡಿಯುವ ಬಗೆ

ಅಕ್ಷರಗಳನ್ನು ಸುಮ್ಮನೆ ಅದಲುಬದಲು ಮಾಡುತ್ತಾ ಕೂರಬೇಡಿ. ಮೂರು ಅಕ್ಷರಗಳಿಗೆ 6 ಜೋಡಣೆಗಳಷ್ಟೇ, ನಾಲ್ಕಕ್ಕೆ 24, ಐದಕ್ಕೆ ಆಗಲೇ 120. ಕನ್ನಡದ ಸ್ವಭಾವವೇ ನಿಮಗೆ ಸುಳಿವು ಕೊಡುತ್ತದೆ.

ಮೊದಲು ಸ್ವರ ಹುಡುಕಿ. ಅ, ಇ, ಉ ಮುಂತಾದ ಬಿಡಿ ಸ್ವರ ಬರುವುದು ಬಹುಮಟ್ಟಿಗೆ ಪದದ ಆರಂಭದಲ್ಲಿಯೇ. ‘ಲೆ, ಯ್ಯಾ, ಉ’ ಕೊಟ್ಟರೆ ‘ಉ’ವನ್ನು ಮುಂದಿಡಿ, ‘ಉಯ್ಯಾಲೆ’ ತಾನಾಗಿ ಕಾಣುತ್ತದೆ. ಣ, ಳ ಇದ್ದರೆ ಅವನ್ನು ಮೊದಲ ಸ್ಥಾನದಲ್ಲಿ ಪ್ರಯತ್ನಿಸುವುದೇ ಬೇಡ.

ಆಮೇಲೆ ಬಾಲ ನೋಡಿ. ‘ತ, ನ’ ಅಥವಾ ‘ಗಾ, ರ’ ಜೊತೆಗಿದ್ದರೆ ಅವನ್ನು ಕೊನೆಗೆ ಸರಿಸಿ. ‘ರ, ಡು, ಗಾ, ಹಾ’ ಆಗ ‘ಹಾಡುಗಾರ’ ಆಗುತ್ತದೆ. ಒತ್ತಕ್ಷರವನ್ನಾಗಲೀ ಗುಣಿತವನ್ನಾಗಲೀ ಒಡೆಯಬೇಡಿ. ‘ದ್ರ’ ಒಂದೇ ಬಿಲ್ಲೆ. ಅದನ್ನು ಒಡೆದವರಿಗೆ ‘ಮು, ದ್ರ, ಸ’ದಲ್ಲಿ ‘ಸಮುದ್ರ’ ಸಿಗುವುದಿಲ್ಲ.

ಒಂದು ಉತ್ತರ ಸಿಕ್ಕಿತೆಂದು ನಿಲ್ಲಿಸಬೇಡಿ, ನನಗೆ ತುಂಬಾ ಇಷ್ಟವಾದ ಭಾಗ ಇದು. ‘ಕ, ಪಿ’ ಒಂದು ಕಡೆಯಿಂದ ಕೋತಿ, ತಿರುಗಿಸಿದರೆ ‘ಪಿಕ’, ಅಂದರೆ ಕೋಗಿಲೆ! ‘ಸರ’ ತಿರುಗಿದರೆ ‘ರಸ’, ‘ವನ’ ತಿರುಗಿದರೆ ‘ನವ’, ಹೊಸದು.

ಅರ್ಥ ಗೊತ್ತಿಲ್ಲದ ಪದ ಬಂದರೆ ಊಹಿಸಿ ಮುಂದೆ ಹೋಗಬೇಡಿ, ನಿಘಂಟು ತೆರೆಯಿರಿ. ‘ಸರ’ದಂಥ ಪದಕ್ಕೆ ಹಾರ, ಸರೋವರ ಎಂದು ಹಲವು ಅರ್ಥಗಳಿವೆ. ಪ್ರತಿ ಅರ್ಥಕ್ಕೂ ನಿಮ್ಮದೇ ಒಂದು ವಾಕ್ಯ ಬರೆದಿಡಿ. ಮಕ್ಕಳೊಂದಿಗೆ ಆಡುವಾಗ ಕಾಗದದ ತುಂಡುಗಳ ಮೇಲೆ ಅಕ್ಷರ ಬರೆದು ಕೈಯಿಂದ ಸರಿಸಲು ಕೊಡಿ, ಕಣ್ಣಿಗಿಂತ ಬೇಗ ಬೆರಳೇ ಪದ ಕಂಡುಹಿಡಿಯುತ್ತದೆ.